ದರ ಏರಿಸಿದರೆ ಮನೆಯ ನೀರಿನ ಬಳಕೆ ನಿಜವಾಗಿ ಇಳಿಯುತ್ತದಾ?

ಮೂರನೇ ಮಹಡಿ:

ನಮ್ಮದು 48 ಮನೆಗಳ ಕಟ್ಟಡ. ಗೇಟಿನ ಹತ್ತಿರ ಒಂದೇ ಒಂದು ನೀರಿನ ಮೀಟರ್ ಇದೆ. ತಿಂಗಳ ಬಿಲ್ಲನ್ನು 48 ಪಾಲು ಮಾಡಿ ಎಲ್ಲರ ಮೇಂಟೆನೆನ್ಸ್‌ಗೆ ಸೇರಿಸುತ್ತೇವೆ. ಒಬ್ಬರೇ ಇರುವ ಮನೆಗೂ ಅಷ್ಟೇ, ಏಳು ಜನ ಇರುವ ಮನೆಗೂ ಅಷ್ಟೇ, ಬೀಗ ಹಾಕಿ ಆರು ತಿಂಗಳಾದ ಮನೆಗೂ ಅಷ್ಟೇ.

ಈಗ ದರ ಏರಿದೆ. ಜೊತೆಗೆ ಸ್ಲ್ಯಾಬ್ ಬೇರೆ. ಬಳಕೆ ಮೇಲೆ ಹೋದ ಹಾಗೆ ಲೀಟರಿನ ಬೆಲೆಯೂ ಮೇಲೆ ಹೋಗುತ್ತದೆ. ಬಿಲ್ಲಿನ ಬಿಸಿ ಮುಟ್ಟಿದರೆ ಜನ ತಾವಾಗಿಯೇ ನೀರು ಉಳಿಸುತ್ತಾರೆ ಅನ್ನುವುದು ದರ ಏರಿಸಿದವರ ಲೆಕ್ಕ.

ಹೋದ ಭಾನುವಾರ ನಮ್ಮ ಸಂಘದ ಸಭೆ ಎರಡೂವರೆ ಗಂಟೆ ನಡೆಯಿತು. ಮೇಲಿನ ಮಹಡಿಯವರು ಕೆಳಗಿನವರನ್ನು ಬೈದರು. ಕೆಳಗಿನವರು ಬಾಡಿಗೆಯವರನ್ನು ಬೈದರು. ಬಾಡಿಗೆಯವರು ಸಭೆಗೇ ಬಂದಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ಕೂಗಾಡಿದವಳು ನಾನೇ ಇರಬೇಕು. ಕೊನೆಗೆ ಆದ ತೀರ್ಮಾನ ಏನು ಗೊತ್ತಾ? ಲಿಫ್ಟ್ ಪಕ್ಕ "ನೀರು ಅಮೂಲ್ಯ, ಮಿತವಾಗಿ ಬಳಸಿ" ಅಂತ ಬೋರ್ಡ್ ಹಾಕುವುದು. ಅದಕ್ಕೂ ಕೈ ಎತ್ತಿ ಬಂದೆ. ಮನೆಗೆ ಬಂದ ಮೇಲೆ ನಾಚಿಕೆ ಆಯಿತು.

ಗೊತ್ತಿದ್ದವರು ಹೇಳಿ. ದರ, ನಿಯಮ, ಪ್ರಚಾರ ಇವುಗಳಿಂದ ಮನೆಮನೆಯ ಬಳಕೆ ಇಳಿಸಿದ ಊರು ಎಲ್ಲಾದರೂ ಇದೆಯಾ? ಇದ್ದರೆ ಅಲ್ಲಿ ಕೆಲಸ ಮಾಡಿದ್ದು ಯಾವುದು?

ಸುಮ್ನೆ ಓದುವವ:

ಆ ಬೋರ್ಡ್ ಓದಿಕೊಂಡೇ ಲಿಫ್ಟ್ ಹತ್ತಿ, ಮನೆಗೆ ಹೋಗಿ ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುತ್ತಾರೆ ಬಿಡಿ.

ಲೆಕ್ಕದ ಮೇಷ್ಟ್ರು:

ನಾನು ಅರ್ಥಶಾಸ್ತ್ರ ಪಾಠ ಮಾಡುವವನು, ಹಾಗಾಗಿ ದರದಿಂದಲೇ ಶುರು ಮಾಡುತ್ತೇನೆ. ದರ ಏರಿದರೆ ಬಳಕೆ ಇಳಿಯುತ್ತದೆ, ಆದರೆ ನೀವು ಅಂದುಕೊಂಡಷ್ಟು ಇಳಿಯುವುದಿಲ್ಲ. ಬೇರೆಬೇರೆ ದೇಶಗಳಲ್ಲಿ ಮಾಡಿದ ನೂರಾರು ಅಂದಾಜುಗಳನ್ನು ಒಟ್ಟು ಹಾಕಿದರೆ ಬರುವ ಸರಾಸರಿ ಇದು: ದರ ಶೇ. 10 ಏರಿದರೆ ಬಳಕೆ ಶೇ. 4ರ ಆಸುಪಾಸು ಇಳಿಯುತ್ತದೆ. ಅದರಲ್ಲೂ ಮೊದಲು ಕಡಿಮೆಯಾಗುವುದು ಹುಲ್ಲುಹಾಸು, ಕಾರು ತೊಳೆಯುವುದು, ಈಜುಕೊಳ ಇಂಥವಕ್ಕೆ ಹೋಗುವ ನೀರು. ಕುಡಿಯುವ, ತೊಳೆಯುವ, ಸ್ನಾನದ ನೀರು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ಆದರೆ ಮೇಡಂ, ನಿಮ್ಮ ಕಟ್ಟಡದ ಕಥೆಯೇ ಬೇರೆ. ನೀವು ಇಡೀ ತಿಂಗಳು ಕಷ್ಟಪಟ್ಟು 4,800 ಲೀಟರ್ ಉಳಿಸಿದಿರಿ ಅಂತ ಇಟ್ಟುಕೊಳ್ಳಿ. ನಿಮ್ಮ ಪಾಲಿನ ಬಿಲ್ಲಿನಲ್ಲಿ ಕಡಿಮೆಯಾಗುವುದು 100 ಲೀಟರಿನ ದುಡ್ಡು. ಉಳಿದ 4,700 ಲೀಟರಿನ ಲಾಭ ಮಿಕ್ಕ 47 ಮನೆಗೆ ಹೋಯಿತು. ಹಾಗೇ ಪಕ್ಕದ ಮನೆಯವರು 4,800 ಲೀಟರ್ ಚೆಲ್ಲಿದರೂ ಅವರಿಗೆ ತಟ್ಟುವುದು 100 ಲೀಟರಿನ ಬಿಸಿ. ಇನ್ನು ದರ ಎಷ್ಟು ಏರಿಸಿದರೇನು?

ಇದನ್ನು ಅಳೆದೂ ನೋಡಿದ್ದಾರೆ. ಅಮೆರಿಕದ ಬಹುಮಹಡಿ ಬಾಡಿಗೆ ಮನೆಗಳ ಮೇಲೆ 2004ರಲ್ಲಿ ದೇಶಮಟ್ಟದ ಒಂದು ಅಧ್ಯಯನ ಬಂತು. ಮನೆಗೊಂದು ಮೀಟರ್ ಇಟ್ಟು ಅದರಂತೆ ಬಿಲ್ ಮಾಡಿದ ಕಡೆ ಬಳಕೆ ಶೇ. 15.3 ಕಡಿಮೆ ಇತ್ತು. ಚದರಡಿ ಇಷ್ಟು, ಜನ ಇಷ್ಟು ಅಂತ ಸೂತ್ರ ಹಾಕಿ ಒಟ್ಟು ಬಿಲ್ಲನ್ನು ಹಂಚಿದ ಕಡೆ ಹೇಳಿಕೊಳ್ಳುವಂಥ ಉಳಿತಾಯವೇ ಕಾಣಲಿಲ್ಲ. ಎರಡೂ ಕಡೆ ಜನ ದುಡ್ಡು ಕಟ್ಟುತ್ತಿದ್ದರು. ತಮ್ಮ ಬಳಕೆ ಎಷ್ಟು ಅಂತ ಗೊತ್ತಿದ್ದದ್ದು ಒಂದು ಕಡೆಯವರಿಗೆ ಮಾತ್ರ.

ಮೂರನೇ ಮಹಡಿ:

ಮೇಷ್ಟ್ರೇ, ಮುಂದಿನ ಸಭೆಗೆ ನಾವು ತಯಾರು ಮಾಡಿದ್ದೇ ಆ ಸೂತ್ರ! ಚದರಡಿ ಲೆಕ್ಕ ಹಾಕಿ ಎಕ್ಸೆಲ್ ಶೀಟೂ ಆಗಿದೆ. ಹೊಟ್ಟೆ ಉರಿಸಿದಿರಿ.

ಪೈಪ್ ಅಣ್ಣ:

ನಾನು 22 ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ಮೇಷ್ಟ್ರ ಲೆಕ್ಕ ಅವರಿಗಿರಲಿ. ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ನಿಮ್ಮ ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ನೋಡಿ.

ಟ್ಯಾಂಕಿನ ತಳದಲ್ಲಿ ಒಂದು ರಬ್ಬರ್ ವಾಷರ್ ಇರುತ್ತದೆ. ಫ್ಲಶ್ ಒತ್ತಿದಾಗ ಅದು ಮೇಲೇಳುತ್ತದೆ, ನೀರು ಹೋದ ಮೇಲೆ ಕೂತುಕೊಳ್ಳುತ್ತದೆ. ನಾಲ್ಕೈದು ವರ್ಷಕ್ಕೆ ಅದು ಗಟ್ಟಿಯಾಗುತ್ತದೆ, ಇಲ್ಲವೇ ಅಂಚಿಗೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದೆ. ಆಮೇಲೆ ಸರಿಯಾಗಿ ಕೂರುವುದಿಲ್ಲ. ನೀರು ಎಳೆಎಳೆಯಾಗಿ ಕಮೋಡಿನ ಹಿಂಗೋಡೆಗೆ ಅಂಟಿಕೊಂಡು ಇಳಿಯುತ್ತದೆ. ಸದ್ದಿಲ್ಲ, ನೆಲ ಒದ್ದೆಯಾಗುವುದಿಲ್ಲ. ಟ್ಯಾಂಕ್ ಕಡಿಮೆಯಾದ ಹಾಗೆ ಬಾಲ್ ವಾಲ್ವ್ ತೆರೆದು ತುಂಬಿಸುತ್ತಲೇ ಇರುತ್ತದೆ. ಹಗಲು ರಾತ್ರಿ ಇದೇ ಕಥೆ.

ಮಲಗುವ ಮುಂಚೆ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ. ಇಂಕ್ ಆದರೂ ಆಯಿತು. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಆಮೇಲೆ ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಹೋಗಿದೆ ಅಂತ ಅರ್ಥ. ಬದಲಾಯಿಸಲು ಹತ್ತು ನಿಮಿಷ ಸಾಕು.

ನಲ್ಲಿ ಟಪ್ ಟಪ್ ಅಂದರೆ ಜನ ರಾತ್ರಿಯೇ ಫೋನ್ ಮಾಡುತ್ತಾರೆ. ಸೆಕೆಂಡಿಗೊಂದು ಹನಿ ಬಿದ್ದರೂ ಅದು ದಿನಕ್ಕೆ 30 ಲೀಟರ್ ಆಸುಪಾಸು. ಈ ಟಾಯ್ಲೆಟ್ಟಿನ ಕಳ್ಳ ಅದರ ಹತ್ತು ಪಟ್ಟು ನುಂಗುತ್ತಾನೆ, ಅವನಿಗಾಗಿ ಯಾರೂ ಫೋನ್ ಮಾಡುವುದಿಲ್ಲ.

ನಿವೃತ್ತ ಇಂಜಿನಿಯರ್:

ಪ್ಲಂಬರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ನೀರು ಸರಬರಾಜಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಸೋರಿಕೆ ಎಲ್ಲ ಮನೆಗಳಲ್ಲಿ ಸಮನಾಗಿ ಇರುವುದಿಲ್ಲ. ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕದ ಪ್ರಕಾರ ಅಲ್ಲಿನ ನೂರರಲ್ಲಿ ಹತ್ತು ಮನೆಗಳಲ್ಲಿ ದಿನಕ್ಕೆ 340 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಸೋರುತ್ತದೆ. ಉಳಿದ ಬಹುತೇಕ ಮನೆಗಳಲ್ಲಿ ಸೋರುವುದು ಅಷ್ಟಕ್ಕಷ್ಟೇ. ಹಾಗಾದರೆ 48 ಮನೆಗೂ ಬುದ್ಧಿ ಹೇಳುವುದು ಲೇಸೋ, ಆ ಐದಾರು ಮನೆ ಹುಡುಕುವುದು ಲೇಸೋ?

ಇನ್ನು ನಿಯಮದ ವಿಷಯ. ಬೋರ್ಡ್, ಭಾಷಣಕ್ಕಿಂತ ಹೆಚ್ಚು ನೀರು ಉಳಿಸಿರುವುದು ಅಂಗಡಿಯಲ್ಲಿ ಯಾವ ಕಮೋಡ್ ಮಾರಬಹುದು ಅನ್ನುವ ನಿಯಮ. 1980ರಲ್ಲಿ ಆಸ್ಟ್ರೇಲಿಯಾದಲ್ಲಿ ಎರಡು ಗುಂಡಿಯ ಫ್ಲಶ್ ಬಂತು. ದೊಡ್ಡ ಗುಂಡಿಗೆ 11 ಲೀಟರ್, ಚಿಕ್ಕದಕ್ಕೆ ಅದರ ಅರ್ಧ. ಈಗಿನವು 4.5 ಮತ್ತು 3 ಲೀಟರಿಗೆ ಇಳಿದಿವೆ. ಅಮೆರಿಕದಲ್ಲಿ 1992ರ ಕಾನೂನು 1994ರಿಂದ ಜಾರಿಗೆ ಬಂದು, ಹೊಸ ಟಾಯ್ಲೆಟ್ ಒಂದು ಫ್ಲಶ್ಶಿಗೆ 6 ಲೀಟರ್ ದಾಟಬಾರದು ಎಂದಾಯಿತು. ಅದಕ್ಕೆ ಮುಂಚೆ 13 ಲೀಟರಿನವು ಸಾಮಾನ್ಯವಾಗಿದ್ದವು. ಶವರಿಗೂ ನಿಮಿಷಕ್ಕೆ 9.5 ಲೀಟರ್ ಮಿತಿ ಬಂತು.

ಅಲ್ಲಿ ಮನೆಯೊಳಗಿನ ಬಳಕೆಯನ್ನು ಎರಡು ಸಲ ವಿವರವಾಗಿ ಅಳೆದಿದ್ದಾರೆ. ಮೊದಲ ವರದಿ 1999ರದು, ಎರಡನೆಯದು 2016ರದು. ನಡುವೆ ಒಂದು ಮನೆಯ ಒಳಬಳಕೆ ಶೇ. 22 ಇಳಿದಿತ್ತು. ಜನ ಸಾಧುಸಂತರಾಗಿ ಇಳಿಸಿದ್ದಲ್ಲ ಅದು. ಹಳೆಯ ಟಾಯ್ಲೆಟ್, ಹಳೆಯ ವಾಷಿಂಗ್ ಮಷೀನ್ ಕೆಟ್ಟಾಗ ಅಂಗಡಿಗೆ ಹೋದರು. ಅಲ್ಲಿ ಸಿಕ್ಕಿದ್ದೇ ಕಡಿಮೆ ನೀರಿನದು.

ಬಾಡಿಗೆ ಮನೆ:

ಕೆಳಗಿನವರು ಬಾಡಿಗೆಯವರನ್ನು ಬೈದರು ಅಂದಿರಲ್ಲ, ಅದಕ್ಕೆ ಉತ್ತರ ಕೊಡಲೇಬೇಕು.

ನಾನಿರುವ ಮನೆಯ ಫ್ಲಶ್ ಒಂದೂವರೆ ವರ್ಷದಿಂದ ಸೋರುತ್ತಿದೆ. ಮಾಲೀಕರಿಗೆ ನಾಲ್ಕು ಸಲ ಹೇಳಿದೆ. "ನೋಡೋಣ, ನೋಡೋಣ." ನೀರಿನ ದುಡ್ಡು ಬಾಡಿಗೆಯಲ್ಲೇ ಸೇರಿದೆ. ನಾನು ಕೈಯಿಂದ ಖರ್ಚು ಮಾಡಿ ಟ್ಯಾಂಕ್ ಬದಲಾಯಿಸಿದರೆ ಲಾಭ ಯಾರಿಗೆ? ನಾಳೆ ಮನೆ ಖಾಲಿ ಮಾಡು ಅಂದರೆ ಅದನ್ನು ಬಿಚ್ಚಿಕೊಂಡು ಹೋಗಲಾ? ಮಾಲೀಕರಿಗೆ ಬಿಲ್ ಕಾಣುತ್ತದೆ, ಸೋರುವುದು ಕಾಣುವುದಿಲ್ಲ. ನನಗೆ ಸೋರುವುದು ಕಾಣುತ್ತದೆ, ಬಿಲ್ ಕಾಣುವುದಿಲ್ಲ. ಇದಕ್ಕೆ ನಿಮ್ಮ ನಿಯಮದಲ್ಲಿ ಏನಿದೆ ಸರ್?

ನಿವೃತ್ತ ಇಂಜಿನಿಯರ್:

ಒಳ್ಳೆಯ ಪ್ರಶ್ನೆ. ಹೊಸದಕ್ಕೆ ಮಾತ್ರ ನಿಯಮ ಮಾಡಿದರೆ ಹಳೆಯ ಮನೆಗಳು, ಅದರಲ್ಲೂ ಬಾಡಿಗೆ ಮನೆಗಳು, ಇಪ್ಪತ್ತು ವರ್ಷ ಹಾಗೇ ಉಳಿಯುತ್ತವೆ. ಅದಕ್ಕೇ ನ್ಯೂಯಾರ್ಕ್ ನಗರ 1994ರಿಂದ 1997ರವರೆಗೆ ಬೇರೆ ದಾರಿ ಹಿಡಿಯಿತು. ಹಳೆಯ ಟಾಯ್ಲೆಟ್ ಕಿತ್ತು ಕಡಿಮೆ ನೀರಿನದು ಹಾಕಿಸಿದ ಮಾಲೀಕರಿಗೆ ನಗರವೇ ದುಡ್ಡು ಕೊಟ್ಟಿತು. ಮೂರು ವರ್ಷದಲ್ಲಿ ಸುಮಾರು 13 ಲಕ್ಷ ಟಾಯ್ಲೆಟ್ ಬದಲಾದವು. ಧರ್ಮಕ್ಕೆ ಕೊಟ್ಟಿದ್ದಲ್ಲ. ಹೊಸದಾಗಿ ನೀರು ತರುವ, ಕೊಳಚೆ ಶುದ್ಧ ಮಾಡುವ ಖರ್ಚಿಗಿಂತ ಇದು ಅಗ್ಗ ಅಂತ ಲೆಕ್ಕ ಹಾಕಿಯೇ ಕೊಟ್ಟಿದ್ದು.

ಸುಮ್ನೆ ಓದುವವ:

13 ಲಕ್ಷ ಕಮೋಡ್! ಹಳೆಯದನ್ನೆಲ್ಲ ಎಲ್ಲಿ ಹಾಕಿದರೋ.

ಅವಳಿ ಮಕ್ಕಳ ಅಮ್ಮ:

ಎಲ್ಲರೂ ಮೀಟರ್ ಮೀಟರ್ ಅನ್ನುತ್ತಿದ್ದೀರಿ. ನನಗೆ ಮೀಟರ್ ಅಂದರೇ ಭಯ.

ನಮ್ಮ ಮನೆಯಲ್ಲಿ ಏಳು ಜನ. ಎರಡು ವರ್ಷದ ಅವಳಿ ಮಕ್ಕಳು, ಹಾಸಿಗೆ ಹಿಡಿದಿರುವ ಮಾವನವರು. ದಿನಕ್ಕೆ ಎರಡು ಸಲ ಮಷೀನ್ ಓಡಲೇಬೇಕು, ಹೊದಿಕೆ ತೊಳೆಯದೆ ಇರಲಾಗುವುದಿಲ್ಲ. ಸ್ಲ್ಯಾಬ್ ದರ ಬಂದರೆ ನಾವು ನೇರ ಮೇಲಿನ ಸ್ಲ್ಯಾಬಿಗೆ. ಎದುರು ಮನೆಯಲ್ಲಿ ಒಬ್ಬರೇ ಇರುತ್ತಾರೆ, ದಿನಾ ಟಬ್ ತುಂಬಿಸಿ ಸ್ನಾನ ಮಾಡಿದರೂ ಕೆಳಗಿನ ಸ್ಲ್ಯಾಬ್. ತಲೆ ಲೆಕ್ಕದಲ್ಲಿ ನೋಡಿದರೆ ನಾವೇ ಕಡಿಮೆ ಬಳಸುವುದು. ಆದರೂ "ಪೋಲು ಮಾಡುವವರು" ನಾವು, ಅಲ್ವಾ?

ಲೆಕ್ಕದ ಮೇಷ್ಟ್ರು:

ನೀವು ಹೇಳಿದ್ದು ಸ್ಲ್ಯಾಬ್ ದರದ ದೊಡ್ಡ ಹುಳುಕು ಮೇಡಂ. ಬಡವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು ಎಷ್ಟೋ ಕಡೆ ಬಡವರಿಗೇ ತಿರುಗುಬಾಣ ಆಗಿದೆ. ನಾಲ್ಕು ಸಂಸಾರ ಸೇರಿ ಒಂದು ಕನೆಕ್ಷನ್ ಹಂಚಿಕೊಂಡಿದ್ದರೆ ಮೀಟರಿಗೆ ಅದು ಗೊತ್ತಾಗುವುದಿಲ್ಲ. ಒಂದೇ ಮನೆ ಇಷ್ಟು ಬಳಸುತ್ತಿದೆ ಅಂತ ಲೆಕ್ಕ ಹಿಡಿದು ಮೇಲಿನ ದರ ಹಾಕುತ್ತಾರೆ.

ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶ ಇದನ್ನು ತಲೆ ಲೆಕ್ಕದಲ್ಲಿ ಸರಿಮಾಡಲು ನೋಡಿತು. 1997ರಿಂದ ಪ್ರತಿ ವ್ಯಕ್ತಿಗೆ ವರ್ಷಕ್ಕೆ 15,000 ಲೀಟರ್ ಪುಕ್ಕಟೆ. 2016ರಲ್ಲಿ ಪುಕ್ಕಟೆ ನಿಲ್ಲಿಸಿದರು, ತಲೆ ಲೆಕ್ಕ ಬಿಡಲಿಲ್ಲ. ಈಗ ಮನೆಗೆ 30,000 ಲೀಟರ್, ಅದರ ಮೇಲೆ ಒಬ್ಬೊಬ್ಬರಿಗೆ 30,000 ಲೀಟರ್ ಮೂಲ ದರದಲ್ಲಿ. ಅದನ್ನು ದಾಟಿದರೆ ದುಪ್ಪಟ್ಟು ದರ. ಈ ಲೆಕ್ಕದಲ್ಲಿ ನಿಮ್ಮ ಮನೆಗೆ ವರ್ಷಕ್ಕೆ 2,40,000 ಲೀಟರ್ ಮೂಲ ದರದಲ್ಲೇ ಸಿಗುತ್ತದೆ. ಎದುರು ಮನೆಯವರಿಗೆ 60,000.

ಚಿಲಿ ದೇಶದ್ದು ಇನ್ನೊಂದು ದಾರಿ. ದರ ಎಲ್ಲರಿಗೂ ಪೂರ್ತಿ ವೆಚ್ಚದ್ದೇ. ಬಡ ಕುಟುಂಬ ಯಾವುದು ಅಂತ ಗುರುತಿಸಿ ಅವರ ಬಿಲ್ಲಿನ ಒಂದು ಪಾಲನ್ನು ಸರ್ಕಾರ ಕಟ್ಟುತ್ತದೆ, ಅದೂ ಒಂದು ಮಿತಿಯವರೆಗೆ ಮಾತ್ರ. ನನಗೆ ಈ ದಾರಿ ಹಿಡಿಸುತ್ತದೆ. ಆದರೆ ಯಾರು ಬಡವರು ಅಂತ ಸರಿಯಾಗಿ ಗುರುತಿಸುವ ಆಡಳಿತ ಇರಬೇಕು. ಇಲ್ಲದಿದ್ದರೆ ಅದೂ ಕಾಗದದ ಹುಲಿ.

ಅವಳಿ ಮಕ್ಕಳ ಅಮ್ಮ:

ತಲೆ ಲೆಕ್ಕ ಆದರೆ ಪರವಾಗಿಲ್ಲ ಸರ್. ಆದರೆ ಮನೆಯಲ್ಲಿ ಎಷ್ಟು ಜನ ಅಂತ ವರ್ಷಾವರ್ಷ ಯಾರು ಎಣಿಸುತ್ತಾರೆ? ಹುಟ್ಟುವವರು, ಹೋಗುವವರು ಇರುತ್ತಾರಲ್ಲ.

ಹನಿಗಣ್ಣು:

ನೀವೆಲ್ಲ ಪ್ರಚಾರವನ್ನು ತುಂಬಾ ಹಗುರಾಗಿ ತೆಗೆದುಕೊಂಡಿದ್ದೀರಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನೆನಪಿಲ್ಲವಾ? 2018ರ ಆರಂಭದಲ್ಲಿ ನಲ್ಲಿಗಳೇ ನಿಂತುಹೋಗುವ "ಡೇ ಜೀರೋ" ದಿನ ಘೋಷಿಸಿದರು. ಫೆಬ್ರವರಿ 1ರಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ. 2015ರ ಬೇಸಿಗೆಯಲ್ಲಿ ದಿನಕ್ಕೆ 120 ಕೋಟಿ ಲೀಟರ್ ಹತ್ತಿರ ಬಳಸುತ್ತಿದ್ದ ನಗರ ಅದರ ಅರ್ಧಕ್ಕೂ ಕೆಳಗೆ ಬಂತು. ಡೇ ಜೀರೋ ಬರಲೇ ಇಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ 1997ರಲ್ಲಿ ಮೇಯರ್ ಅಂತಾನಾಸ್ ಮೊಕ್ಕುಸ್ ಟೀವಿಯಲ್ಲೇ ಸ್ನಾನ ಮಾಡಿ, ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ ಅಂತ ತೋರಿಸಿದರು. ಎರಡು ತಿಂಗಳಲ್ಲಿ ಬಳಕೆ ಶೇ. 14 ಇಳಿಯಿತು. ಜನರ ಮನಸ್ಸು ಮುಟ್ಟಿದರೆ ಆಗುತ್ತದೆ.

ಲೆಕ್ಕದ ಮೇಷ್ಟ್ರು:

ಕೇಪ್‌ಟೌನಿನಲ್ಲಿ ಬರೀ ಮನಸ್ಸು ಮುಟ್ಟಿದ್ದಲ್ಲ. ದರ ಏರಿತ್ತು, ಮಿತಿ ಮೀರಿದ ಮನೆಗಳಿಗೆ ಹರಿವು ಕಟ್ಟಿಹಾಕುವ ಸಾಧನ ಹಾಕಿದರು, ಪೈಪಿನ ಒತ್ತಡ ಇಳಿಸಿದರು. ಎಲ್ಲದರ ಮೇಲೆ ಆ ಭಯ. ಭಯವನ್ನು ಪ್ರತಿ ವರ್ಷ ಬಳಸಲಾಗುವುದಿಲ್ಲ.

ನಲ್ಲಿ ನಿಲ್ಲುವ ಭಯ ಇಲ್ಲದಾಗ ಪ್ರಚಾರ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ 2007ರಲ್ಲಿ ಮಾಡಿದ ಪ್ರಯೋಗ ನೋಡಿ. ಲಕ್ಷಕ್ಕೂ ಜಾಸ್ತಿ ಮನೆಗಳನ್ನು ಗುಂಪು ಮಾಡಿದರು. ಒಂದು ಗುಂಪಿಗೆ ನೀರು ಉಳಿಸುವುದು ಹೇಗೆ ಅಂತ ಸಲಹೆಯ ಹಾಳೆ ಮಾತ್ರ ಕಳಿಸಿದರು. ಬಳಕೆ ಶೇ. 1ರಷ್ಟೂ ಸರಿಯಾಗಿ ಇಳಿಯಲಿಲ್ಲ. ಇನ್ನೊಂದು ಗುಂಪಿಗೆ ಸಲಹೆಯ ಜೊತೆ "ನೀವು ಬಳಸಿದ್ದು ಇಷ್ಟು, ನಿಮ್ಮ ಸುತ್ತಲಿನವರು ಬಳಸಿದ್ದು ಇಷ್ಟು" ಅಂತ ಬರೆದು ಕಳಿಸಿದರು. ಅಲ್ಲಿ ಶೇ. 4.8 ಇಳಿಯಿತು. ದರ ಶೇ. 12ರಿಂದ 15 ಏರಿಸಿದ್ದಕ್ಕೆ ಸಮ! ಕಾಲ ಕಳೆದ ಹಾಗೆ ಪರಿಣಾಮ ಸಣ್ಣಗಾಯಿತು, ಅದೂ ನಿಜ. ಆದರೆ ಆ ಕಾಗದದಲ್ಲಿ "ನೀವು ಬಳಸಿದ್ದು ಇಷ್ಟು" ಅಂತ ಬರೆಯಬೇಕಾದರೆ ಮೊದಲು ಮೀಟರ್ ಬೇಕಲ್ಲ.

ಇನ್ನೊಂದು ತಮಾಷೆ. ಮನೆಯ ಯಾವ ಕೆಲಸಕ್ಕೆ ಎಷ್ಟು ನೀರು ಬೇಕು ಅಂತ 2014ರ ಒಂದು ಅಧ್ಯಯನದಲ್ಲಿ ಸುಮಾರು ಸಾವಿರ ಅಮೆರಿಕನ್ನರನ್ನು ಕೇಳಿದರು. ಸರಾಸರಿ ನೋಡಿದರೆ ಜನ ಹೇಳಿದ್ದು ನಿಜದ ಅರ್ಧ. ನೀರು ಉಳಿಸಲು ಏನು ಮಾಡಬೇಕು ಅಂದಾಗ ಹೆಚ್ಚಿನವರು "ಸ್ನಾನ ಬೇಗ ಮುಗಿಸಬೇಕು" ಅಂದರು. ಟಾಯ್ಲೆಟ್ ಬದಲಾಯಿಸಬೇಕು ಅಂದವರು ತೀರಾ ಕಮ್ಮಿ.

ಬಾಡಿಗೆ ಮನೆ:

"ಸುತ್ತಲಿನವರು ಇಷ್ಟು ಬಳಸಿದ್ದಾರೆ" ಅನ್ನುವುದು ನಮ್ಮಂಥ ಕಟ್ಟಡದಲ್ಲಿ ಮರ್ಯಾದೆ ಕಳೆಯುವ ಪಟ್ಟಿ ಆಗುತ್ತದೆ. ನೋಟಿಸ್ ಬೋರ್ಡಿಗೆ ಮನೆ ನಂಬರ್ ಸಮೇತ ಅಂಟಿಸುತ್ತಾರೆ. ಯಾವ ಮನೆಯಲ್ಲಿ ನೆಂಟರು ಬಂದರು, ಯಾರು ಊರಲ್ಲಿಲ್ಲ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ಹನಿಗಣ್ಣು:

ಕೇಪ್‌ಟೌನ್ ಇಂಥದ್ದನ್ನೇ ಮಾಡಿತು, ಗಲಾಟೆಯೂ ಆಯಿತು. ನಗರದ ನಕ್ಷೆಯಲ್ಲಿ ಮಿತಿಯೊಳಗೆ ಬಳಸಿದ ಮನೆಗಳ ಮೇಲೆ ಹಸಿರು ಚುಕ್ಕೆ ಇಟ್ಟರು. ತಿಂಗಳಿಗೆ 6,000 ಲೀಟರಿನ ಒಳಗಿದ್ದರೆ ಗಾಢ ಹಸಿರು. ಜಾಸ್ತಿ ಬಳಸಿದವರಿಗೆ ಕೆಂಪು ಚುಕ್ಕೆ ಇರಲಿಲ್ಲ. ಆದರೂ ನೀವು ಹೇಳುವ ಸಂಕಟ ನನಗೆ ಅರ್ಥ ಆಗುತ್ತದೆ. ಕಟ್ಟಡದ ಒಳಗೆ ಆದರೆ ಅವರವರ ಅಂಕಿ ಅವರವರಿಗೆ, ಜೊತೆಗೆ ಒಟ್ಟು ಸರಾಸರಿ. ಇಷ್ಟು ಸಾಕು ಅನಿಸುತ್ತದೆ.

ನಲ್ಲಿ ನಾಗಣ್ಣ:

ಮನೆಯವರ ಮೇಲೇ ಯಾಕೆ ಎಲ್ಲರ ಕಣ್ಣು? ಬೀದಿಯ ಪೈಪ್ ಒಡೆದು ವಾರಗಟ್ಟಲೆ ನೀರು ಹರಿಯುತ್ತಿರುತ್ತದೆ. ಅದಕ್ಕೆ ಬಿಲ್ ಕೊಡುವವರು ಯಾರು? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗಾಯಿತು. ಮೊದಲು ಅವರ ಪೈಪ್ ಸರಿ ಮಾಡಲಿ, ಆಮೇಲೆ ನನ್ನ ಬಕೆಟ್ ಎಣಿಸಲಿ.

ನಿವೃತ್ತ ಇಂಜಿನಿಯರ್:

ಕೋಪ ನ್ಯಾಯವಾದದ್ದೇ ನಾಗಣ್ಣ. ಬೀದಿ ಪೈಪ್ ಸರಿಮಾಡದೆ ಮನೆಯವರಿಗೆ ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಮಾಡಿದವರಿದ್ದಾರೆ. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ 1993ರಲ್ಲಿ ನೂರು ಲೀಟರ್ ಬಿಟ್ಟರೆ 72 ಲೀಟರಿಗೆ ದುಡ್ಡೇ ಬರುತ್ತಿರಲಿಲ್ಲ. ಸ್ವಲ್ಪ ಸೋರಿಕೆ, ಸ್ವಲ್ಪ ಕಳ್ಳ ಕನೆಕ್ಷನ್. ಏಕ್ ಸೊನ್ ಚಾನ್ ಎಂಬವರು ಮುಖ್ಯಸ್ಥರಾಗಿ ಬಂದ ಮೇಲೆ ಎಲ್ಲ ಕನೆಕ್ಷನ್ನಿಗೂ ಮೀಟರ್ ಹಾಕಿದರು, ಹಳೆಯ ಪೈಪ್ ಬದಲಾಯಿಸಿದರು, ದುಡ್ಡು ಕಟ್ಟದ ದೊಡ್ಡವರನ್ನೂ ಬಿಡಲಿಲ್ಲ. ಆ ನಷ್ಟ ಶೇ. 6ರ ಸುಮಾರಿಗೆ ಬಂತು. ಟೋಕಿಯೋದಲ್ಲಿ ಸೋರಿಕೆ ಶೇ. 3ರ ಆಸುಪಾಸಿನಲ್ಲಿದೆ.

ಐರ್ಲೆಂಡಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 2014ರಲ್ಲಿ ಮನೆಗಳಿಗೆ ನೀರಿನ ಶುಲ್ಕ ಹಾಕಿದರು, ಜನ ಬೀದಿಗಿಳಿದರು, 2016ರಲ್ಲಿ ಶುಲ್ಕವನ್ನೇ ತಡೆಹಿಡಿಯಬೇಕಾಯಿತು. ಆದರೆ ಅಷ್ಟರಲ್ಲಿ ಲಕ್ಷಾಂತರ ಮೀಟರ್ ಹಾಕಿ ಆಗಿತ್ತು. ಬಿಲ್ ಹೋಯಿತು, ಮೀಟರ್ ಉಳಿಯಿತು! ಆ ಮೀಟರ್‌ಗಳು ಮನೆಯ ಕಾಂಪೌಂಡಿನ ಒಳಗೆ ಸೋರುವ ಪೈಪ್‌ಗಳನ್ನು ತೋರಿಸಿಕೊಟ್ಟವು. ಮನೆಯವರಿಗೇ ಅದು ಗೊತ್ತಿರಲಿಲ್ಲ. ಮೊದಲ ರಿಪೇರಿ ಪುಕ್ಕಟೆ ಅಂತ ಯೋಜನೆ ಮಾಡಿ ಸರಿಮಾಡಿಸಿದರು.

ಇನ್ನೊಂದು ಮಾತು. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಈ ಲೆಕ್ಕ ಅರ್ಧಕ್ಕರ್ಧ ತಲೆಕೆಳಗಾಗುತ್ತದೆ. ನೀರು ಬರುವ ಮೊದಲು ಪೈಪಿನಲ್ಲಿರುವ ಗಾಳಿ ಹೊರಟು ಮೀಟರ್ ಗಿರಗಿರ ತಿರುಗುತ್ತದೆ, ಜನ ಗಾಳಿಗೂ ಬಿಲ್ ಕಟ್ಟುತ್ತಾರೆ. ಹೊಸ ನೀರು ಬಂತು ಅಂತ ನಿನ್ನೆಯ ನೀರನ್ನು ಚೆಲ್ಲುತ್ತಾರೆ. ಯಾವಾಗ ಬರುತ್ತದೋ ಅಂತ ನಲ್ಲಿ ತೆರೆದಿಟ್ಟೇ ಮಲಗುತ್ತಾರೆ. ಅಂಥ ಕಡೆ ಸರಬರಾಜು ಸರಿಹೋಗದೆ ಬಳಕೆಯ ಮಾತಾಡುವುದು ದಂಡ.

ಲೆಕ್ಕದ ಮೇಷ್ಟ್ರು:

ಜನ ನಿಜವಾಗಿ ಉಳಿಸಿದರೂ ಕಥೆ ಮುಗಿಯುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪೈಪ್, ಪಂಪು, ಸಂಬಳ, ಸಾಲದ ಬಡ್ಡಿ, ಇವೆಲ್ಲ ನೀವು ಬಳಸಿದರೂ ಬಳಸದಿದ್ದರೂ ಇರುವ ಖರ್ಚು. ಬಳಕೆ ಅರ್ಧ ಆದರೆ ವರಮಾನ ಬೀಳುತ್ತದೆ, ಖರ್ಚು ಹಾಗೇ ಇರುತ್ತದೆ. ಕೇಪ್‌ಟೌನ್ 2018ರ ಜುಲೈನಲ್ಲಿ ಕನೆಕ್ಷನ್ ಪೈಪಿನ ಗಾತ್ರಕ್ಕೆ ತಕ್ಕಂತೆ ನಿಗದಿತ ಶುಲ್ಕ ಹಾಕಿತು. ಬಕೆಟ್ಟಿನಲ್ಲಿ ಸ್ನಾನ ಮಾಡಿ ಆ ನೀರನ್ನೇ ಟಾಯ್ಲೆಟ್ಟಿಗೆ ಹಾಕಿದ ಜನಕ್ಕೆ ಹೇಗಾಗಿರಬೇಡ? ಇದನ್ನು ಮೊದಲೇ ಜನರಿಗೆ ಹೇಳಬೇಕು. "ಉಳಿಸಿ, ಬಿಲ್ ಇಳಿಯುತ್ತದೆ" ಅಂತ ಆಸೆ ಹುಟ್ಟಿಸಿ ಆಮೇಲೆ ಕೈ ಎತ್ತಬಾರದು.

ಬರ್ಲಿನ್‌ನಲ್ಲಿ 1990ರ ನಂತರ ಬಳಕೆ ಎಷ್ಟು ಬಿತ್ತು ಅಂದರೆ ಅಂತರ್ಜಲ ಮೇಲೆ ಬಂದು ಮನೆಗಳ ನೆಲಮಾಳಿಗೆ ಒದ್ದೆಯಾಗತೊಡಗಿತು. ಒಳಚರಂಡಿಯಲ್ಲಿ ಹರಿವು ಸಾಲದೆ ಬೇರೆ ನೀರು ಬಿಟ್ಟು ತೊಳೆಯಬೇಕಾಯಿತು. ಆ ಹಂತಕ್ಕೆ ನಾವ್ಯಾರೂ ಸದ್ಯಕ್ಕೆ ಹೋಗುವುದಿಲ್ಲ, ಸುಮ್ನೆ ಹೇಳಿದೆ.

ಪೈಪ್ ಅಣ್ಣ:

ಅಕ್ಕಾ, ಬಣ್ಣ ಹಾಕಿ ನೋಡಿದಿರಾ?

ಮೂರನೇ ಮಹಡಿ:

ಹತ್ತು ದಿನ ಆಯಿತು ಬರೆದು. ನೋಡಿದೆ ಅಣ್ಣ, ಹೇಳುತ್ತೇನೆ ಕೇಳಿ.

ಮೊದಲು ಇಡೀ ಕಟ್ಟಡದ್ದು. ನಮ್ಮ ಮೇಲಿನ ಟ್ಯಾಂಕ್ 6 ಮೀಟರ್ ಉದ್ದ, 3 ಮೀಟರ್ ಅಗಲ. ಅಂದರೆ 1 ಸೆಂಟಿಮೀಟರ್ ಇಳಿದರೆ 180 ಲೀಟರ್. ರಾತ್ರಿ ಪಂಪ್ ನಿಲ್ಲಿಸಿ, ಒಂದು ಗಂಟೆಗೆ ಕೋಲು ಅದ್ದಿ ಗುರುತು ಮಾಡಿದೆವು. ನಾನು, ಸೆಕ್ರೆಟರಿ, ವಾಚ್‌ಮನ್, ಕೈಯಲ್ಲಿ ಟಾರ್ಚ್. ನಾಲ್ಕು ಗಂಟೆಗೆ ಮತ್ತೆ ನೋಡಿದರೆ 5 ಸೆಂಟಿಮೀಟರ್ ಇಳಿದಿದೆ. ಊರೆಲ್ಲ ಮಲಗಿರುವ ಮೂರು ಗಂಟೆಯಲ್ಲಿ 900 ಲೀಟರ್. ಅದೇ ಲೆಕ್ಕದಲ್ಲಿ ದಿನಕ್ಕೆ 7,200. ಸೆಕ್ರೆಟರಿ ಫೋನಿನಲ್ಲಿ ಎರಡು ಸಲ ಗುಣಿಸಿದರು.

ಮರುದಿನದಿಂದ ಬಣ್ಣದ ಸೀಸೆ ಹಿಡಿದುಕೊಂಡು ಮನೆಮನೆ. 48ರಲ್ಲಿ 41 ಮನೆ ಬಾಗಿಲು ತೆರೆದರು. 11 ಟಾಯ್ಲೆಟ್ಟಿನಲ್ಲಿ ಬಣ್ಣ ಇಳಿಯಿತು. ಎರಡು ಬೀಗ ಹಾಕಿದ ಮನೆಗಳವು, ಮಾಲೀಕರು ಕೀ ಕೊಟ್ಟು ಕಳಿಸಿದ್ದರು. ಒಂದು ನನ್ನ ಮನೆಯದು. ದೊಡ್ಡ ಬಾತ್‌ರೂಮಿನದು, ಎಷ್ಟು ವರ್ಷದಿಂದ ಹಾಗಿತ್ತೋ. ಗೋಡೆ ಹತ್ತಿರ ಮೊಬೈಲ್ ಲೈಟ್ ಹಿಡಿದರೆ ಮಾತ್ರ ಆ ನೀಲಿ ಗೆರೆ ಕಾಣುತ್ತಿತ್ತು.

ಹನ್ನೊಂದೂ ವಾಷರ್ ಒಂದೇ ದಿನ ಸಂಘದ ದುಡ್ಡಿನಲ್ಲಿ ಬದಲಾಯಿಸಿದೆವು. ಮಾಲೀಕರು, ಬಾಡಿಗೆಯವರು ಅಂತ ನೋಡಲಿಲ್ಲ. ನಿನ್ನೆ ರಾತ್ರಿ ಮತ್ತೆ ಕೋಲು ಅದ್ದಿದೆವು. ಮೂರು ಗಂಟೆಗೆ 2 ಸೆಂಟಿಮೀಟರ್. ಇನ್ನೂ ಎಲ್ಲೋ ಹೋಗುತ್ತಿದೆ, ಆದರೆ ದಿನಕ್ಕೆ 4,320 ಲೀಟರ್ ಉಳಿಯಿತು. ಬೋರ್ಡಿಗೆ ಕೊಟ್ಟಿದ್ದ ಆರ್ಡರ್ ವಾಪಸ್ ತೆಗೆದುಕೊಂಡೆವು.

ನಿವೃತ್ತ ಇಂಜಿನಿಯರ್:

ಭೇಷ್! ಆ ಏಳು ಮನೆಯೂ ಬಾಗಿಲು ತೆರೆಯಲಿ, ಉಳಿದದ್ದೂ ಸಿಗುತ್ತದೆ. ಇನ್ನೊಂದು ನೋಡಿ: ಕೆಳಗಿನ ಮಹಡಿಗಳಲ್ಲಿ ನಲ್ಲಿ ರಭಸ ಎಷ್ಟಿದೆ? ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. ಒತ್ತಡ ನಾಲ್ಕು ಪಟ್ಟಾದರೆ ಅಷ್ಟೇ ತೆರೆದ ನಲ್ಲಿಯಲ್ಲಿ ನೀರು ಎರಡು ಪಟ್ಟು. ಕೆಳಗಿನವರು ಪೋಲು ಮಾಡುತ್ತಾರೆ ಅಂತ ಮೇಲಿನವರು ಬೈದರಲ್ಲ, ಅದರಲ್ಲಿ ಅರ್ಧ ಗುರುತ್ವಾಕರ್ಷಣೆಯ ತಪ್ಪು. ಕೆಳಗಿನ ಲೈನುಗಳಿಗೆ ಒತ್ತಡ ಇಳಿಸುವ ವಾಲ್ವ್ ಹಾಕಿಸಿ.

ಮೂರನೇ ಮಹಡಿ:

ಬರೆದುಕೊಂಡೆ ಸರ್. ಈಗ ಮನೆಗೊಂದು ಮೀಟರ್ ಅಂತ ಸಭೆಯಲ್ಲಿ ಒಪ್ಪಿಗೆ ಆಗಿದೆ, ಎಕ್ಸೆಲ್ ಶೀಟ್ ಮೂಲೆಗೆ ಹೋಗಿದೆ. ತಲೆ ಲೆಕ್ಕವನ್ನು ಮೇಷ್ಟ್ರು ಹೇಳಿದ ಹಾಗೇ ಸೇರಿಸುತ್ತೇವೆ. ತೊಡಕು ಏನೆಂದರೆ, ಟ್ಯಾಂಕಿನಿಂದ ಒಂದೊಂದು ಮನೆಗೆ ಮೂರು ಲೈನ್ ಇಳಿದಿವೆ. ಅಡುಗೆಮನೆಗೆ ಒಂದು, ಎರಡು ಬಾತ್‌ರೂಮಿಗೆ ಒಂದೊಂದು. 48 ಮನೆಗೆ 144 ಮೀಟರ್ ಆಗುತ್ತದೆ. ಅಡುಗೆಮನೆ ಲೈನ್ ಬಿಟ್ಟು ಬಾತ್‌ರೂಮಿಗೆ ಮಾತ್ರ ಹಾಕಿದರೆ ನಡೆಯುತ್ತದಾ ಅಣ್ಣ?

ಪೈಪ್ ಅಣ್ಣ:

ಬೇಡ ಅಕ್ಕಾ. ಒಂದು ಕಟ್ಟಡದಲ್ಲಿ ಹಾಗೇ ಮಾಡಿದ್ದರು. ಎರಡನೇ ತಿಂಗಳಿಗೆ ವಾಷಿಂಗ್ ಮಷೀನ್‌ಗಳೆಲ್ಲ ಅಡುಗೆಮನೆಗೆ ಬಂದು ಕೂತಿದ್ದವು. ಹಾಕಿದರೆ ಮೂರಕ್ಕೂ ಹಾಕಿ. ಒಂದೇ ಸಲ ಆಗದಿದ್ದರೆ ಮಹಡಿ ಮಹಡಿಯಾಗಿ ಹಾಕಿಸುತ್ತಾ ಬನ್ನಿ. ಮೀಟರಿನ ಮುಂದೆ ಒಂದು ವಾಲ್ವ್ ಇರಲಿ, ಇಲ್ಲದಿದ್ದರೆ ರಿಪೇರಿಗೆ ಇಡೀ ಲೈನ್ ನಿಲ್ಲಿಸಬೇಕಾಗುತ್ತದೆ. ಮತ್ತೆ ಪೈಪ್‌ಗಳು ಇಳಿಯುವ ಡಕ್ಟಿನ ಒಳಗೆ ಕೈಗೆಟುಕದ ಜಾಗದಲ್ಲಿ ಹಾಕಿಸಬೇಡಿ, ಕಣ್ಣಿನ ಮಟ್ಟಕ್ಕೆ ಇರಲಿ.

ಬಾಡಿಗೆ ಮನೆ:

ಡಕ್ಟ್ ಬಾಗಿಲಿಗೆ ಬೀಗ ಮಾತ್ರ ಹಾಕಬೇಡಿ ಅಕ್ಕಾ. ನಮ್ಮಲ್ಲಿ ಮೀಟರ್ ಇದೆ, ಕೀ ಮಾಲೀಕರ ಹತ್ತಿರ ಇದೆ.